ಸಸ್ಯಸಹಿತ ಸಿಹಿನೀರಿನ ಅಕ್ವೇರಿಯಂ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆ

ಜೀವಂತ ಜಲಸಸ್ಯಗಳನ್ನು ನೆಟ್ಟು, ಅವುಗಳ ನಡುವೆ ಒಂದಕ್ಕೊಂದು ಕಾಟ ಕೊಡದ ಹಲವು ಜಾತಿಯ ಮೀನುಗಳನ್ನು ಒಟ್ಟಿಗೆ ಸಾಕುವ ಗಾಜಿನ ತೊಟ್ಟಿಗೆ ಸಸ್ಯಸಹಿತ ಅಕ್ವೇರಿಯಂ ಎನ್ನುತ್ತಾರೆ. ಪ್ಲಾಸ್ಟಿಕ್ ಗಿಡ, ಬಣ್ಣದ ಜಲ್ಲಿ, ಬಾಯಿ ತೆರೆದು ಗುಳ್ಳೆ ಬಿಡುವ ಗೊಂಬೆ ಇರುವ ತೊಟ್ಟಿಗೂ ಇದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಇಲ್ಲಿ ಗಿಡಕ್ಕೆ ದುಡಿಮೆಯಿದೆ. ಮೀನು ಹೊರಹಾಕುವ ಅಮೋನಿಯವನ್ನು ಅದು ಗೊಬ್ಬರವಾಗಿ ಹೀರುತ್ತದೆ, ಹಗಲಲ್ಲಿ ನೀರಿಗೆ ಆಮ್ಲಜನಕ ಬಿಡುತ್ತದೆ, ಪಾಚಿಗೆ ಸಿಗಬೇಕಾದ ಆಹಾರವನ್ನು ತಾನೇ ಮುಗಿಸುತ್ತದೆ, ಮರಿಗಳಿಗೆ ಅಡಗಲು ಜಾಗ ಕೊಡುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಮಗ್ಗುಲಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಎರಡು ನದಿಗಳ ಸೀಮೆ. ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿ, ಹರಿಹರಪುರಗಳನ್ನು ಹಾದು ತೀರ್ಥಹಳ್ಳಿಯತ್ತ ಸಾಗುತ್ತದೆ. ಅಲ್ಲೇ ಹುಟ್ಟುವ ಭದ್ರೆ ಬಾಳೆಹೊನ್ನೂರು ದಾಟಿ, ನರಸಿಂಹರಾಜಪುರದ ಬಳಿ ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಇವೆರಡರ ನಡುವೆ ಲೆಕ್ಕವಿಲ್ಲದಷ್ಟು ಹಳ್ಳಗಳು, ತೋಟದ ಕಾಲುವೆಗಳು, ಕೆರೆಗಳು, ಗದ್ದೆಬಯಲುಗಳು. ಅಕ್ವೇರಿಯಂ ಪುಸ್ತಕಗಳು ಜಗತ್ತಿಗೆಲ್ಲ ಒಂದೇ ಪಾಠ ಹೇಳುತ್ತವೆ. ಈ ಸೀಮೆಗೆ ಆ ಪಾಠದಲ್ಲಿ ಅರ್ಧ ಬೇಕಿಲ್ಲ, ಉಳಿದರ್ಧ ಸಾಲದು. ನೀರನ್ನು ಮೆದುಗೊಳಿಸುವ ಯಂತ್ರದ ಅಧ್ಯಾಯವನ್ನು ಇಲ್ಲಿಯವರು ಹಾರಿಸಿ ಓದಬಹುದು. ಅಡಿಕೆ ತೋಟದ ಬೋರ್ಡೋ ಸಿಂಪಡಣೆಯ ಅಧ್ಯಾಯ ಮಾತ್ರ ಆ ಪುಸ್ತಕಗಳಲ್ಲಿ ಇರುವುದೇ ಇಲ್ಲ.

ಹಿನ್ನೆಲೆ

ಗಿಡ, ಮೀನು, ಬಸವನಹುಳು ಮೂರೂ ಸೇರಿದರೆ ತೊಟ್ಟಿಯ ನೀರು ತಾನಾಗಿ ಸುಸ್ಥಿತಿಯಲ್ಲಿರುತ್ತದೆ ಎಂದು ಪ್ರಯೋಗದಿಂದ ತೋರಿಸಿ 1850ರಲ್ಲಿ ಪ್ರಕಟಿಸಿದವನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. ಅವನು ನೆಟ್ಟಿದ್ದು ವ್ಯಾಲಿಸ್ನೇರಿಯ. ನಮ್ಮ ಕೆರೆಹೊಳೆಗಳಲ್ಲಿ ಪಟ್ಟಿಯಂಥ ಉದ್ದ ಎಲೆ ಬಿಟ್ಟುಕೊಂಡು ನೀರಿನ ಸೆಳೆತಕ್ಕೆ ಬಾಗುವ ಗಿಡದ ಕುಲ. 1853ರಲ್ಲಿ ಲಂಡನ್ ಮೃಗಾಲಯ ಮೀನುಮನೆ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ ಪುಸ್ತಕ ಈ ಹವ್ಯಾಸಕ್ಕೆ ಅಕ್ವೇರಿಯಂ ಎಂಬ ಹೆಸರನ್ನು ಊರೂರಿಗೆ ಮುಟ್ಟಿಸಿತು. 20ನೇ ಶತಮಾನದ ಕೊನೆಯ ದಶಕಗಳಲ್ಲಿ ಜಪಾನಿನ ತಕಾಶಿ ಅಮಾನೋ ತೊಟ್ಟಿಯೊಳಗೆ ಬೆಟ್ಟ, ಬಯಲು, ಕಾಡುಗಳ ನೋಟವನ್ನೇ ಕಟ್ಟುವ ಶೈಲಿ ರೂಪಿಸಿದರು. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಬರೆದ ಪುಸ್ತಕ ಇದಕ್ಕೆ ವಿರುದ್ಧ ದಿಕ್ಕಿನದು: ತಳಕ್ಕೆ ಸಾಮಾನ್ಯ ಮಣ್ಣು, ಸಾಧಾರಣ ಬೆಳಕು, ಯಂತ್ರಗಳು ಆದಷ್ಟು ಕಡಿಮೆ. ಕರೆಂಟು ನೆಚ್ಚಲಾಗದ ಊರುಗಳಿಗೆ ಅಮಾನೋಗಿಂತ ವಾಲ್‌ಸ್ಟಾಡ್ ಹತ್ತಿರದವರು.

ಕನ್ನಡ ನಾಡಿಗೆ ಬಂದರೆ, ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಕಾಲದಲ್ಲಿ, 12ನೇ ಶತಮಾನದ ಮೊದಲ ಭಾಗದಲ್ಲಿ ರಚಿತವಾದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಮೀನುಗಳನ್ನು ಸಮುದ್ರದವು, ಸಿಹಿನೀರಿನವು, ಹುರುಪೆ ಇರುವವು, ಇಲ್ಲದವು ಎಂದು ವಿಂಗಡಿಸಿ ಯಾವುದಕ್ಕೆ ಯಾವ ಮೇವು ಎಂದು ಅದು ಹೇಳುತ್ತದೆ. ಗುರಿ ಗಾಳದ ಆಟವಾದರೂ ಮೀನನ್ನು ಗಮನಿಸುವ ಕಣ್ಣು ಅದರಲ್ಲಿದೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ ಶುರುವಾದದ್ದು 1983ರಲ್ಲಿ.

ಈ ಸೀಮೆಯಲ್ಲಿ ಮೀನು ನೋಡುವ ರೂಢಿಗೆ ಗಾಜು ಬೇಕಾಗಿರಲಿಲ್ಲ. ಶೃಂಗೇರಿ ಶಾರದಾ ಪೀಠದ ಎದುರಿನ ತುಂಗೆಯ ಮೆಟ್ಟಿಲುಗಳಲ್ಲಿ ನಿಂತು ಮಂಡಕ್ಕಿ ಎರಚಿದರೆ ನೀರು ಕಪ್ಪಾಗುವಷ್ಟು ಮೀನು ಮೇಲೇಳುತ್ತವೆ. ಅಲ್ಲಿ ಹಿಡಿಯುವುದು ನಿಷಿದ್ಧ. ಗುಂಪಿನಲ್ಲಿ ಎದ್ದು ಕಾಣುವುದು ದೊಡ್ಡ ಹುರುಪೆಯ ದಖನ್ ಮಹಸೀರ್. ದೇವರ ಹೆಸರಿನಲ್ಲಿ ಕಾಯ್ದ ಇಂಥ ಮಡುಗಳಿಂದಾಗಿ ದೊಡ್ಡ ಮೀನುಗಳಿಗೆ ಹೊಳೆಯಲ್ಲಿ ಇನ್ನೂ ನೆಲೆಯಿದೆ. ಹಲವು ಕಿಲೋ ತೂಗುವ ಈ ಮೀನು ಮನೆಯ ತೊಟ್ಟಿಯದಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಹರಗಿ ಎಂಬ ಇನ್ನೊಂದು ಹೊಳೆಮೀನಿನದೂ ಅದೇ ಮಾತು, ಮೇಲಾಗಿ ಅದು ಜಲಸಸ್ಯವನ್ನೇ ಮೇಯುವ ಮೀನು.

ನೀರು

ಘಟ್ಟದ ಮೇಲಿನ ಹಳ್ಳಗಳು ಹರಿಯುವುದು ನೈಸ್, ಶಿಸ್ಟ್, ಜಂಬಿಟ್ಟಿಗೆಗಳ ಮೇಲೆ. ಸುಣ್ಣಕಲ್ಲು ಇಲ್ಲಿ ದುರ್ಲಭ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಸುರಿಯುವ ಮಳೆ ಶೃಂಗೇರಿ ಕಡೆಯ ಮಣ್ಣಿನಲ್ಲಿ ಕರಗಬಲ್ಲ ಲವಣಗಳನ್ನು ಎಂದೋ ತೊಳೆದು ಒಯ್ದಿದೆ. ಹಾಗಾಗಿ ಗುಡ್ಡದ ಅಬ್ಬಿಯಿಂದ ದಂಬೆಯಲ್ಲೋ ಪೈಪಿನಲ್ಲೋ ಮನೆಯಂಗಳಕ್ಕೆ ತಾನಾಗಿ ಇಳಿದು ಬರುವ ನೀರು ಬಹಳ ಮೆದು, ತುಸು ಆಮ್ಲೀಯ, ಕ್ಲೋರಿನ್ ಇಲ್ಲದ್ದು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಅಳತೆ ಸಾಮಾನ್ಯವಾಗಿ ಎರಡಂಕಿಯಲ್ಲೇ ನಿಲ್ಲುತ್ತದೆ. ಬಯಲುಸೀಮೆಯ ಕೊಳವೆಬಾವಿಯಲ್ಲಿ ಇದು ಹಲವು ನೂರು. ಅಲ್ಲಿನ ಹವ್ಯಾಸಿಗಳು ಆರ್‌ಒ ಯಂತ್ರಕ್ಕೆ ಹಣ ಸುರಿದು ಮಾಡಿಕೊಳ್ಳುವ ನೀರು ಇಲ್ಲಿ ಬಚ್ಚಲ ಹಂಡೆಗೂ ಬೀಳುತ್ತದೆ. ಪೇಟೆಯ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಾಯಗಲದ ಪಾತ್ರೆಯಲ್ಲಿ ಬಿಡಬೇಕು. ನರಸಿಂಹರಾಜಪುರ ತಾಲ್ಲೂಕಿನ ಕೊಳವೆಬಾವಿಗಳ ನೀರು ಗಡುಸಾಗಿರಬಹುದು, ಅಳೆದೇ ಬಳಸಬೇಕು.

ಮೆದು ನೀರಿಗೆ ಒಂದು ದೌರ್ಬಲ್ಯವಿದೆ. ಆಮ್ಲವನ್ನು ತಡೆದುಕೊಳ್ಳುವ ಕಾರ್ಬೊನೇಟ್ ಅದರಲ್ಲಿ ತೀರಾ ಕಡಿಮೆ. ಮೀನಿನ ಕಲ್ಮಷವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿಸುವಾಗ ಆಮ್ಲ ಹುಟ್ಟುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯಲ್ಲಿ ಪಿಎಚ್ 6ಕ್ಕಿಂತ ಕೆಳಗಿಳಿದು ಆ ಬ್ಯಾಕ್ಟೀರಿಯಾಗಳ ಕೆಲಸವೇ ಮಂದವಾಗುತ್ತದೆ. ಆಮ್ಲೀಯ ನೀರಿನಲ್ಲಿ ಅಮೋನಿಯ ಹೆಚ್ಚಾಗಿ ನಿರುಪದ್ರವಿ ಅಮೋನಿಯಂ ರೂಪದಲ್ಲಿರುವುದರಿಂದ ಮೀನು ಬದುಕಿರುತ್ತದೆ, ಯಜಮಾನನಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಆಗ ಗಡುಸು ನೀರನ್ನು ಒಮ್ಮೆಲೆ ಸುರಿದರೆ ಪಿಎಚ್ ಏರಿ, ಕೂಡಿಟ್ಟಿದ್ದ ಅಮೋನಿಯಂ ವಿಷವಾಗಿ ತಿರುಗಿ, ಬೆಳಗಾಗುವುದರೊಳಗೆ ತೊಟ್ಟಿ ಖಾಲಿ. ನೀರು ಕೆಡುತ್ತಿರುವುದನ್ನು ಮೀಟರಿಗಿಂತ ಮೊದಲು ಬಸವನಹುಳು ಹೇಳುತ್ತದೆ: ಚಿಪ್ಪಿನ ಸುರುಳಿಯ ತುದಿ, ಅಂದರೆ ಹುಳು ಮರಿಯಾಗಿದ್ದಾಗ ಬೆಳೆದ ಭಾಗ, ಮೊದಲು ಬಣ್ಣಗೆಟ್ಟು ಬೆಳ್ಳಗಾಗುತ್ತದೆ, ಆಮೇಲೆ ಉಗುರಿಗೆ ಪುಡಿಯಾಗುವಂತೆ ಸವೆಯುತ್ತದೆ. ತೊಳೆದ ಸಮುದ್ರದ ಚಿಪ್ಪುಗಳನ್ನು ಒಂದು ಹಿಡಿ ಬಟ್ಟೆಚೀಲದಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಟ್ಟರೆ ನಿಧಾನವಾಗಿ ಕರಗಿ ಕೊರತೆ ತುಂಬುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು ಇದಕ್ಕಿಂತ ಮುಖ್ಯ.

ಇನ್ನೊಂದು ಅಪಾಯ ಅಡಿಕೆ ತೋಟದಿಂದ ಬರುವುದು. ಮಳೆಗಾಲದ ಕೊಳೆರೋಗ ತಡೆಯಲು ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಅಧ್ಯಯನ ಪ್ರಕಟಿಸಿದ ಮೇಲೆ ಈ ಸಿಂಪಡಣೆ ಮಲೆನಾಡಿನ ತೋಟಗಳಿಗೆ ಹಬ್ಬಿತು. ಮಳೆ ಹಿಡಿಯುವ ಮುನ್ನ ಒಂದು ಸಲ, ಸುಮಾರು ಒಂದೂವರೆ ತಿಂಗಳ ಬಳಿಕ ಹೊಳವು ನೋಡಿ ಇನ್ನೊಂದು ಸಲ. ತಾಮ್ರ ಸೀಗಡಿ, ಬಸವನಹುಳುಗಳಿಗೆ ಕಡುವಿಷ, ಮೀನಿನ ಕಿವಿರಿಗೂ ಹಾನಿಕರ. ನೀರು ಗಡುಸಾಗಿದ್ದರೆ ಅದರ ವಿಷಗುಣ ತಗ್ಗುತ್ತದೆ, ಮೆದುವಾಗಿದ್ದಷ್ಟೂ ಏರುತ್ತದೆ. ಬೇರೆ ಊರಿನಲ್ಲಿ ಮೀನು ತಾಳಿಕೊಳ್ಳುವ ತಾಮ್ರದ ಪ್ರಮಾಣವನ್ನು ಇಲ್ಲಿ ತಾಳಲಾರದು. ಸಿಂಪಡಣೆಯ ದಿನಗಳಲ್ಲಿ ತೋಟದ ಕೆಳಮಗ್ಗುಲಿನ ಬಾವಿ, ಕಾಲುವೆಗಳ ನೀರನ್ನು, ತೋಟಕ್ಕೆ ತಾಗಿದ ಮಾಡಿನಿಂದ ಹಿಡಿದ ಮಳೆನೀರನ್ನು ತೊಟ್ಟಿಗೆ ಮುಟ್ಟಿಸಬಾರದು. ದ್ರಾವಣ ಕಲಸಿದ ಬಕೆಟ್ಟು, ಕೊಡ ಎಷ್ಟು ತೊಳೆದರೂ ತೊಟ್ಟಿಯ ಕೆಲಸಕ್ಕೆ ಬೇಡ. ಮೇ ತಿಂಗಳಲ್ಲೇ ಒಂದು ಡ್ರಮ್ ಅಬ್ಬಿ ನೀರು ಮುಚ್ಚಿಟ್ಟುಕೊಂಡರೆ, ಮೊದಲ ಮಳೆಗೆ ಹಳ್ಳ ಕೆಂಪಗೆ ಕದಡಿ ಬರುವ ವಾರಗಳಿಗೂ ಅದೇ ಆಸರೆ.

ತೊಟ್ಟಿ, ಮಣ್ಣು, ಬೆಳಕು

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಗೆ ಸುಮಾರು 180 ಲೀಟರ್ ಹಿಡಿಯುತ್ತದೆ. ಗಾಜು, ಮರಳು, ಕಲ್ಲು ಸೇರಿದರೆ ಭಾರ 200 ಕಿಲೋ ಮೀರುತ್ತದೆ. ಹಳೆಯ ಮನೆಗಳ ಮರದ ಉಪ್ಪರಿಗೆ ಇದಕ್ಕೆ ಜಾಗವಲ್ಲ. ಎರಡಡಿಯ, 50-60 ಲೀಟರಿನ ತೊಟ್ಟಿಯೂ ಆದೀತು. ಅದಕ್ಕಿಂತ ಚಿಕ್ಕದನ್ನು ಹೊಸಬರಿಗೆ ಹೇಳಿಕೊಡುವುದು ಅನ್ಯಾಯ, ನೀರು ಕಡಿಮೆಯಾದಷ್ಟೂ ತಪ್ಪು ಬೇಗ ಪ್ರಾಣಕ್ಕೆ ಬರುತ್ತದೆ.

ತಳಕ್ಕೆ ಒಂದಂಗುಲ ಮಣ್ಣು, ಮೇಲೆ ಒಂದೂವರೆ ಅಂಗುಲ ತೊಳೆದ ಮರಳು. ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಧಾರಾಳ, ಕೆಂಪೆಲೆಯ ಗಿಡಗಳಿಗೆ ಅದು ಬೇಕು. ಮಣ್ಣು ಎಲ್ಲಿಯದು ಎಂಬುದು ಪ್ರಶ್ನೆ. ತೋಟದ ಮಣ್ಣಿನಲ್ಲಿ ವರ್ಷಗಟ್ಟಲೆ ಬಿದ್ದ ತಾಮ್ರವೂ ಕೊಟ್ಟಿಗೆ ಗೊಬ್ಬರವೂ ಇರುತ್ತವೆ. ಒಂದು ವಿಷ, ಇನ್ನೊಂದು ಅಮೋನಿಯದ ಉಗ್ರಾಣ. ಗೊಬ್ಬರ ಕಾಣದ ಧರೆಯ ಮಣ್ಣೇ ಒಳ್ಳೆಯದು. ಅಲಂಕಾರಕ್ಕೆ ಹಳೆಯ ಕಾಫಿ ಗಿಡದ ಒಣಬುಡವನ್ನು ತೊಗಟೆ ಕೆರೆದು, ಕುದಿಸಿ, ಮುಳುಗುವ ತನಕ ನೆನೆಹಾಕಿ ಬಳಸಬಹುದು. ಅದು ನೀರಿಗೆ ಬಿಡುವ ಚಹಾ ಬಣ್ಣ ಕಾಡುಹಳ್ಳದ ಮೀನುಗಳಿಗೆ ಒಗ್ಗಿದ್ದೇ.

ಎಲ್‌ಇಡಿ ಬೆಳಕು ದಿನಕ್ಕೆ 6ರಿಂದ 8 ಗಂಟೆ ಸಾಕು. ಕಿಟಕಿಯ ನೇರ ಬಿಸಿಲು ಬಿದ್ದರೆ ಗಾಜೆಲ್ಲ ಪಾಚಿ. ಇಂಗಾಲದ ಡೈಆಕ್ಸೈಡಿನ ಸಿಲಿಂಡರು ಇಟ್ಟವರು ಲೀಟರಿಗೆ 30 ಮಿ.ಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ. ನಿಧಾನ ಬೆಳೆಯುವ ಗಿಡಗಳನ್ನೇ ಆರಿಸಿಕೊಂಡರೆ ಅದರ ಗೊಡವೆಯಿಲ್ಲ. ಗಿಡ ನೆಟ್ಟು ನಾಲ್ಕರಿಂದ ಆರು ವಾರ ಕಾದು, ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು ಬಿಡಬೇಕು. ಈ ಕಾಯುವಿಕೆಯನ್ನು ಬಿಟ್ಟವರ ತೊಟ್ಟಿಗಳೇ ಅಟ್ಟದ ಮೇಲೆ ಬರಿದಾಗಿ ಕುಳಿತಿರುವುದು.

ಗಿಡಗಳು

ಜಗತ್ತಿನ ಅಕ್ವೇರಿಯಂ ಅಂಗಡಿಗಳಲ್ಲಿ ಮಾರಾಟವಾಗುವ ಹಲವು ಗಿಡಗಳ ಮೂಲ ಪಶ್ಚಿಮಘಟ್ಟ ಎಂಬುದು ಘಟ್ಟದವರಲ್ಲೇ ಅನೇಕರಿಗೆ ಗೊತ್ತಿಲ್ಲ. ದಪ್ಪ ಕಡುಗೆಂಪು ಎಲೆಯ ರೋಟಾಲ ಮ್ಯಾಕ್ರಾಂಡ್ರ ದಕ್ಷಿಣ ಭಾರತದ್ದು. ಬೆಳಕು, ಇಂಗಾಲ, ಮೆದು ನೀರು ಮೂರೂ ಕೂಡಿದರಷ್ಟೇ ಅದರ ಕೆಂಪು ನಿಲ್ಲುತ್ತದೆ. ಸಣ್ಣೆಲೆಯ ಇತರ ರೋಟಾಲಗಳು ಗದ್ದೆಯಂಚಿನಲ್ಲಿ, ಜಂಬಿಟ್ಟಿಗೆ ಹಾಸಿನ ಮಳೆಗುಂಡಿಗಳಲ್ಲಿ ಕಳೆಯಾಗಿ ಬೆಳೆಯುತ್ತವೆ. ಜೊತೆಗೆ ಲಿಮ್ನೋಫಿಲ, ಹೈಡ್ರಿಲ್ಲ, ನೀರುಬ್ರಾಹ್ಮಿ. ಇವು ಬೇಗ ಬೆಳೆಯುವ ಗಿಡಗಳು, ಹೊಸ ತೊಟ್ಟಿಯ ಅಮೋನಿಯ ಹೀರಲು ಮೊದಲು ಇವನ್ನೇ ತುಂಬಬೇಕು.

ನೆರಳು ಸಹಿಸುವ ಗಿಡಗಳಲ್ಲಿ ಕ್ರಿಪ್ಟೊಕೊರೈನ್ ಮತ್ತು ಲಾಜೆನಾಂಡ್ರ ಎಂಬ ಎರಡು ಕುಲಗಳು ಮುಖ್ಯ. ಎರಡೂ ಕೆಸುವಿನ ಬಂಧುಗಳು, ಹೂವಿಲ್ಲದಾಗ ನೋಡಲು ಒಂದೇ. ಗುರುತು ಹಿಡಿಯಲು ಎಳೆ ಎಲೆ ಬಿಚ್ಚಿಕೊಳ್ಳುವುದನ್ನು ನೋಡಬೇಕು. ಲಾಜೆನಾಂಡ್ರದ ಎಲೆಯಲ್ಲಿ ಎರಡೂ ಅಂಚುಗಳು ನಡುನರದ ಕಡೆಗೆ ಒಳಸುತ್ತಿಕೊಂಡು ಜೋಡಿ ಕೊಳವೆಯಂತಿರುತ್ತವೆ. ಕ್ರಿಪ್ಟೊಕೊರೈನ್‌ನಲ್ಲಿ ಇಡೀ ಎಲೆ ಒಂದೇ ಸುರುಳಿ. ಕರ್ನಾಟಕ, ಕೇರಳಗಳ ಘಟ್ಟದಲ್ಲಿ ಬೆಳೆಯುವ ಲಾಜೆನಾಂಡ್ರ ಮೀಬೋಲ್ಡಿಯ ಕೆಂಬಣ್ಣದ ತಳಿ ಈಗ ವಿದೇಶದ ತೊಟ್ಟಿಗಳಲ್ಲೂ ಇದೆ. ಹೊಳೆಯ ಕಲ್ಲುಸಂದಿಯ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಮಳೆಗಾಲವೆಲ್ಲ ಪ್ರವಾಹದಡಿ ಮುಳುಗಿದ್ದು, ನೀರಿಳಿದ ಮೇಲೆ ತಿರುಚಿದ ಹೂಹೊದಿಕೆ ಮೇಲೆತ್ತುತ್ತದೆ. ತೊಟ್ಟಿಗೆ ತಂದ ಹೊಸದರಲ್ಲಿ ಈ ಕುಲದ ಗಿಡಗಳ ಎಲೆ ಕೊಳೆತು ಕರಗಿಹೋಗುವುದು ಸಾಮಾನ್ಯ. ಬೇರು ಗಟ್ಟಿಯಿದ್ದರೆ ಕೀಳದೆ ಬಿಡಬೇಕು, ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಹೊಳೆಬಂಡೆಗೆ ಅಂಟಿ ಬೆಳೆಯುವ ಪೊಡೊಸ್ಟೆಮೇಸಿ ಕುಟುಂಬದ ಗಿಡಗಳನ್ನು ಮಾತ್ರ ಯಾರೂ ಆಸೆಪಡಬಾರದು, ನಿಂತ ನೀರಿನಲ್ಲಿ ಅವು ಬದುಕುವುದಿಲ್ಲ.

ಮೀನುಗಳು

ಈ ಹಳ್ಳಗಳ ಚಿಕ್ಕ ಮೀನುಗಳು ತೊಟ್ಟಿಗೆ ಹೇಳಿಮಾಡಿಸಿದಂತಿವೆ. ಕಿತ್ತಳೆಗೆಂಪು ಮೈಮೇಲೆ ಕಪ್ಪು ಪಟ್ಟೆಗಳ ಹಲುದಾರಿಯ ಫ್ಯಾಸಿಯಾಟ, ನೀಲಿ-ಹಳದಿ ಗೆರೆಯ ಚುರುಕಾದ ಡೆವಾರಿಯೊ, ತಳದ ಮರಳು ಜಾಲಾಡುವ ಲೋಚ್, ಕಲ್ಲಿನ ಪಾಚಿ ಕೆರೆಯುವ ಗಾರಾ. ಡೆವಾರಿಯೊ ಇದ್ದರೆ ತೊಟ್ಟಿಗೆ ಮುಚ್ಚಳ ಕಡ್ಡಾಯ, ನೆಗೆಯುವುದು ಅದರ ಹುಟ್ಟುಗುಣ. ಗದ್ದೆ ಕಾಲುವೆಗಳಲ್ಲಿ, ಬಾವಿಗಳಲ್ಲಿ ನೀರಿನ ಮೇಲ್ಪದರಕ್ಕೇ ಅಂಟಿಕೊಂಡಂತೆ ತೇಲುವ ಅಪ್ಲೋಕೈಲಸ್ ನೆತ್ತಿಯ ಮೇಲಿನ ಬೆಳ್ಳಿಚುಕ್ಕೆಯಿಂದ ಮೇಲಿನಿಂದಲೇ ಗುರುತು ಸಿಗುತ್ತದೆ. ಸೊಳ್ಳೆಮರಿ ತಿನ್ನುವುದರಲ್ಲಿ ನಿಪುಣ, ಬಾಯಿಗೆ ಹಿಡಿಯುವ ಮೀನುಮರಿಯನ್ನೂ ಬಿಡದು. ಬೆನ್ನಿನ ರೆಕ್ಕೆ ಎಳೆಎಳೆಯಾಗಿ ಬೆಳೆಯುವ ಡಾಕಿನ್ಸಿಯಾ ಮೀನುಗಳಿಗೆ ನಾಲ್ಕಡಿಯ ತೊಟ್ಟಿ ಬೇಕು. ಇವೆಲ್ಲ ಗುಂಪಿನ ಮೀನುಗಳು. ಜಾತಿಗೊಂದರಂತೆ ತಂದು ಬಿಟ್ಟರೆ ಬಣ್ಣವೂ ಬಿಡುವುದಿಲ್ಲ, ಅಂಜಿಕೆಯೂ ಬಿಡುವುದಿಲ್ಲ. ಒಂದೇ ಜಾತಿಯ ಆರೆಂಟು ಇರಬೇಕು.

ವಿಜ್ಞಾನಕ್ಕೆ ಈ ಹಳ್ಳಗಳು ಪೂರ್ತಿ ತಿಳಿದುಮುಗಿದವೇನಲ್ಲ. ಪೆಥಿಯ ಸ್ಟ್ರೈಯೇಟ ಎಂಬ, ಹುರುಪೆಯ ಸಾಲುಗುಂಟ ಕಪ್ಪುಗೆರೆಗಳುಳ್ಳ ಪುಟ್ಟ ಮೀನನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ತುಂಗೆಯ ಕವಲುಗಳಿಂದ ವಿದ್ಯಾಧರ ಅಟ್ಕೋರೆ ಮತ್ತು ಸಂಗಡಿಗರು ಹೊಸ ಪ್ರಭೇದವೆಂದು ವಿವರಿಸಿದ್ದು 2015ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ಅಂಗಡಿಯ ಮೀನುಗಳ ಕತೆ ಬೇರೆ. ಅವುಗಳಲ್ಲಿ ಹೆಚ್ಚಿನವು ಚೆನ್ನೈನ ಕೊಳತ್ತೂರು, ಕೊಲ್ಕತ್ತದ ಸುತ್ತಮುತ್ತಲಿನ ಸಾಕಣೆ ಕೇಂದ್ರಗಳಿಂದ ಹೊರಟು ಬೆಂಗಳೂರು, ಶಿವಮೊಗ್ಗಗಳ ಮೂಲಕ ಬರುತ್ತವೆ. ಹೊಸಬರಿಗೆ ಗಪ್ಪಿ, ಮೋಲಿ ಸುಲಭ ಎಂಬ ಮಾತು ಗಡುಸು ನೀರಿನ ಊರಿನದು. ಘಟ್ಟದ ಮೆದು ನೀರಿನಲ್ಲಿ ಮೋಲಿ ಇದ್ದಲ್ಲೇ ಮೈ ತೂಗುತ್ತ ಸೊರಗುತ್ತದೆ. ಪುಸ್ತಕಗಳು ಕಷ್ಟವೆನ್ನುವ ಕಾರ್ಡಿನಲ್ ಟೆಟ್ರಾ, ಏಂಜೆಲ್ ಮೀನುಗಳು ಅಮೆಜಾನಿನ ಮೆದು ನೀರಿನವು, ಇಲ್ಲಿ ಸಲೀಸಾಗಿ ಹೊಂದಿಕೊಳ್ಳುತ್ತವೆ. ಪೊಟ್ಟಣದ ನೀರಿಗೂ ಮನೆಯ ನೀರಿಗೂ ಅಂತರ ದೊಡ್ಡದಾದ್ದರಿಂದ ಒಂದು ಗಂಟೆಯಾದರೂ ಹನಿಹನಿಯಾಗಿ ಬೆರೆಸಿ ಒಗ್ಗಿಸಬೇಕು. ಗೋಲ್ಡ್‌ಫಿಷ್, ಆಸ್ಕರ್‌ಗಳನ್ನು ಗಿಡದ ತೊಟ್ಟಿಗೆ ತರಲೇಬಾರದು. ಒಂದು ಗಿಡ ತಿನ್ನುತ್ತದೆ, ಇನ್ನೊಂದು ಜೊತೆಗಾರರನ್ನು.

ಮಳೆಗಾಲ, ಚಳಿಗಾಲ

ಆರಿದ್ರಾದಿಂದ ಆಶ್ಲೇಷದವರೆಗಿನ ಮಳೆಗಳಲ್ಲಿ ಮರ ಬಿದ್ದು ಕರೆಂಟು ಹೋದರೆ ಬರುವುದು ಯಾವಾಗ ಎಂದು ಯಾರೂ ಹೇಳಲಾರರು. ತೊಟ್ಟಿಯ ನಿಜವಾದ ಪರೀಕ್ಷೆ ಇದು. ಕತ್ತಲೆಯಲ್ಲಿ ಗಿಡಗಳೂ ಆಮ್ಲಜನಕ ಬಳಸುತ್ತವೆ, ನಿಂತ ಫಿಲ್ಟರಿನೊಳಗಿನ ಬ್ಯಾಕ್ಟೀರಿಯಾಗಳು ಕೆಲವು ಗಂಟೆಗಳಲ್ಲಿ ಸಾಯತೊಡಗುತ್ತವೆ. ಮೀನು ಕಡಿಮೆಯಿದ್ದು ಗಿಡ ಹೆಚ್ಚಿರುವ, ಸ್ಪಂಜು ಫಿಲ್ಟರಿನ ತೊಟ್ಟಿ ಇದನ್ನು ದಾಟುತ್ತದೆ. ಬ್ಯಾಟರಿಯ ಗಾಳಿಪಂಪು ಒಂದಿದ್ದರೆ ಸಾಕು. ಕರೆಂಟಿಲ್ಲದ ದಿನ ಮೀನಿಗೆ ಮೇವು ಹಾಕದಿರುವುದೇ ಉಪಕಾರ, ನಾಲ್ಕೈದು ದಿನದ ಉಪವಾಸ ದೊಡ್ಡ ಮೀನಿಗೆ ಏನೂ ಅಲ್ಲ. ಮುಚ್ಚಿದ ಬಾಹ್ಯ ಫಿಲ್ಟರು ಬಹಳ ಹೊತ್ತು ನಿಂತಿದ್ದರೆ ಒಳಗಿನ ನೀರು ಚೆಲ್ಲಿ, ತೊಳೆದು, ಆಮೇಲೆ ಚಾಲೂ ಮಾಡಬೇಕು.

ಡಿಸೆಂಬರ್-ಜನವರಿಯ ಬೆಳಗುಗಳಲ್ಲಿ ತೊಟ್ಟಿಯ ನೀರು 20 ಡಿಗ್ರಿಗಿಂತ ಕೆಳಗಿಳಿಯಬಹುದು. ಹಳ್ಳದ ಮೀನುಗಳಿಗೆ ಅದು ಲೆಕ್ಕಕ್ಕಿಲ್ಲ. ಅಮೆಜಾನಿನವಕ್ಕೆ ಹೀಟರ್ ಬೇಕು, ಇಲ್ಲದಿದ್ದರೆ ಮೈಮೇಲೆ ರವೆ ಉದುರಿಸಿದಂಥ ಬಿಳಿಚುಕ್ಕೆ ರೋಗ ಬರುತ್ತದೆ. ನೀರನ್ನು ನಿಧಾನವಾಗಿ 28-30 ಡಿಗ್ರಿಗೆ ಏರಿಸುವುದು ಮೊದಲ ಉಪಚಾರ. ಈ ರೋಗಕ್ಕೆ ಸಾಮಾನ್ಯವಾಗಿ ಬಳಸುವ ಉಪ್ಪು ಗಿಡಗಳನ್ನು ಸುಡುತ್ತದೆ, ತಾಮ್ರದ ಔಷಧಿ ಈ ನೀರಿನಲ್ಲಿ ಮೀನನ್ನೇ ಕೊಲ್ಲಬಹುದು.

ಹೊಳೆ ಮತ್ತು ತೊಟ್ಟಿ

ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನು ಹಿಡಿಯುವುದು ಮಲೆನಾಡಿನ ಹಳೆಯ ವಾಡಿಕೆ. ಅವು ಮೊಟ್ಟೆಯಿಡಲು ಬರುವ ಮೀನುಗಳಾದ್ದರಿಂದ ತೊಟ್ಟಿಗಾಗಿ ಹಿಡಿಯುವವರು ಆ ಹೊತ್ತು ಬಿಟ್ಟು, ಮಳೆ ಕಳೆದ ಮೇಲೆ ಮರಿಗಳನ್ನು ಹಿಡಿಯುವುದು ಮೇಲು. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ, 1998ರಿಂದ ಹುಲಿ ಮೀಸಲಾಗಿರುವ ಭದ್ರಾ ಅಭಯಾರಣ್ಯಗಳ ಒಳಗಿನಿಂದ ಮೀನಿರಲಿ, ಒಂದು ಗಿಡವನ್ನು ತರುವುದೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕೇರಳದ ಹೊಳೆಗಳಲ್ಲಿ, ಕಾಸರಗೋಡಿನ ಚಂದ್ರಗಿರಿಯಲ್ಲೂ ಇರುವ ಡೆನಿಸನ್ ಬಾರ್ಬ್, ವ್ಯಾಪಾರದ ಹೆಸರಿನಲ್ಲಿ ‘ಮಿಸ್ ಕೇರಳ’, ಅತಿಯಾಗಿ ಹಿಡಿದು ರಫ್ತು ಮಾಡಿದ್ದರಿಂದ ಕುಗ್ಗಿತು. 2022ರ ತಿದ್ದುಪಡಿ ಅದನ್ನು ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದೆ.

ಹೊಳೆಗೆ ಹವ್ಯಾಸಿಗಿಂತ ದೊಡ್ಡ ಪೆಟ್ಟುಗಳು ಬಿದ್ದಿವೆ. ಕುದುರೆಮುಖದ ಕಬ್ಬಿಣದ ಅದಿರು ಗಣಿ 2005ರ ಕೊನೆಗೆ ನಿಲ್ಲುವವರೆಗೆ ಭದ್ರೆಗೆ ಹೂಳು ಬಂತು; ಹೂಳು ಕೂತ ಕಲ್ಲಿನ ಮೇಲೆ ಗಾರಾಗೆ ಮೇವಿಲ್ಲ, ಮುಳುಗುಗಿಡಕ್ಕೆ ಬೆಳಕಿಲ್ಲ. ಬ್ಲೀಚಿಂಗ್ ಪುಡಿ, ಸಿಡಿಮದ್ದು ಹಾಕಿ ಮೀನು ಹಿಡಿಯುವ ಚಾಳಿ ಇನ್ನೂ ಸತ್ತಿಲ್ಲ. ಆದರೂ ತೊಟ್ಟಿಯಿಂದ ಹೊಳೆಗೆ ಆಗಬಹುದಾದ ಹಾನಿ ಸಣ್ಣದಲ್ಲ. ಸಾಕಲಾಗದೆ ಬಿಟ್ಟ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಈಗಾಗಲೇ ದಕ್ಷಿಣ ಭಾರತದ ಹಲವು ನೀರುಗಳಲ್ಲಿ ಬೀಡುಬಿಟ್ಟಿದೆ. ಅಂಗೈಯಗಲ ತಂದದ್ದು ಮೊಳದುದ್ದ ಬೆಳೆದಾಗ ಅದನ್ನು ಹೊಳೆಗೆ ಬಿಡುವುದು ದಯೆಯೆಂದು ಜನ ತಿಳಿಯುತ್ತಾರೆ. ಶೃಂಗೇರಿಯಂಥ ಪುಣ್ಯಕ್ಷೇತ್ರದ ಮಡುವಿಗೆ ಬಿಡುವ ಆಸೆಯಂತೂ ಇನ್ನೂ ಬಲವಾದದ್ದು. ಕಬೊಂಬ, ಸಾಲ್ವೀನಿಯ, ಅಂತರಗಂಗೆಗಳ ಒಂದು ತುಂಡು ಗದ್ದೆ ಕಾಲುವೆ ಸೇರಿದರೂ ಹಬ್ಬಿಕೊಳ್ಳಲು ಸಾಕು.

ಹೆಚ್ಚಾದ ಮೀನನ್ನು ಅಂಗಡಿಗೋ ಬೇರೆ ಹವ್ಯಾಸಿಗೋ ಕೊಡಬೇಕು. ಕತ್ತರಿಸಿದ ಗಿಡವನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರಗುಂಡಿಗೆ ಹಾಕಬೇಕು. ತೊಟ್ಟಿಯಿಂದ ತೆಗೆದ ನೀರನ್ನು ಹಳ್ಳಕ್ಕೆ ಹರಿಯದಂತೆ ತೆಂಗಿನ ಬುಡಕ್ಕೋ ಹೂಗಿಡಗಳಿಗೋ ಹಾಕಿದರೆ ಅದರಲ್ಲಿರುವ ನೈಟ್ರೇಟೂ ವ್ಯರ್ಥವಾಗುವುದಿಲ್ಲ.